ಮೊಳೆ ಹೊಡೆಯಬಾರದ ಮನೆ

“ಮಾವ, ಬಾಡಿಗೆದಾರರ ಕೈಯಿಂದ ಮನೆಯನ್ನು ಕಾಪಾಡಿಕೊಳ್ಳೋದು ಹೇಗೆ?” ಎಂದು ಕೊಟ್ರೇಶ ಕೇಳಿದ.

ಕೊಟ್ರೇಶ ನನ್ನ ಅಕ್ಕನ ಮಗ. ಬಾಡಿಗೆಗೆ ಬಿಡಲೆಂದು ಆಗಷ್ಟೇ ಒಂದು ಪುಟ್ಟ ಮನೆ ಕೊಂಡಿದ್ದ. ಪ್ರಶ್ನೆ ಬಂದದ್ದೇನೋ ಸರಿಯಾದ ಬಾಗಿಲಿಗೇ. ಬಾಡಿಗೆ ಮನೆಯ ಶಾಸ್ತ್ರದಲ್ಲಿ ನನ್ನನ್ನು ಮೀರಿಸಿದವರು ಈ ಜಿಲ್ಲೆಯಲ್ಲಿಲ್ಲ. ಹುಟ್ಟಿದ್ದು ಬಾಡಿಗೆ ಮನೆಯಲ್ಲಿ, ಮದುವೆಯಾದದ್ದು ಬಾಡಿಗೆ ಮನೆಯಲ್ಲಿ. ಮರಿ ಕಚ್ಚಿಕೊಂಡು ಏಳು ಮನೆ ಸುತ್ತಿದ ಬೆಕ್ಕು ಕೂಡ ಎಂಟನೆಯ ಮನೆಗೆ ನನ್ನ ಹತ್ತಿರವೇ ದಾರಿ ಕೇಳುತ್ತದೆ.

“ಕೂತ್ಕೋ. ಒಂದು ಕತೆ ಹೇಳ್ತೀನಿ. ಉಂಡ ಅನ್ನದಾಣೆ, ಒಂದೊಂದು ಅಕ್ಷರವೂ ನಿಜ.”

“ಹೋದ ಸಲದ ಕತೆಯಲ್ಲಿ ಎಮ್ಮೆ ತೆಂಗಿನಮರ ಹತ್ತಿತ್ತು, ಮಾವ.”

“ಅದೂ ನಿಜವೇ. ಇಳಿದದ್ದನ್ನು ನಾನು ನೋಡಲಿಲ್ಲ, ಅಷ್ಟೇ. ಇದು ಅದಕ್ಕಿಂತ ನಿಜ. ಕೇಳು.”

ಒಂದು ಊರಿನಲ್ಲಿ ಒಬ್ಬ ಬೆಲ್ಲದ ವ್ಯಾಪಾರಿ ಇದ್ದ. ಒಂದು ಮನೆ ಕೊಂಡು ಬಾಡಿಗೆಗೆ ಕೊಡಬೇಕೆಂದು ಅವನಿಗೆ ಆಸೆಯಾಯಿತು. ಮನೆ ಕಟ್ಟಿ ನೋಡು ಎಂದ ಹಿರಿಯರು ಬಾಡಿಗೆಗೆ ಕೊಟ್ಟು ನೋಡು ಎನ್ನುವುದನ್ನು ಮರೆತಿದ್ದರು. ಆದ್ದರಿಂದ ಅವನಿಗೆ ಎಚ್ಚರಿಕೆ ಹೇಳುವವರು ಯಾರೂ ಇರಲಿಲ್ಲ.

ವ್ಯಾಪಾರಿ ಜಾಣ. ದೊಡ್ಡ ಮನೆಗೆ ಆಸೆಪಡಲಿಲ್ಲ. ಅಂಗಡಿಯಿಂದ ನಡೆದು ಹೋಗುವಷ್ಟು ದೂರದಲ್ಲಿ ಚಿಕ್ಕದೊಂದನ್ನು ಹುಡುಕಿದ. ಬಿಸಿಲಿನಲ್ಲಿ ನೋಡಿ ಯಾವುದನ್ನೂ ಒಪ್ಪಲಿಲ್ಲ. ಮಳೆ ಸುರಿಯುವಾಗ ಹೋಗಿ, ರುಮಾಲು ತೆಗೆದು, ಸೂರಿನ ಕೆಳಗೆ ಬೋಳುತಲೆಯಲ್ಲಿ ಕೂರುತ್ತಿದ್ದ. ತಲೆ ಒದ್ದೆಯಾದರೆ ಎದ್ದು ಬರುತ್ತಿದ್ದ. ಬಚ್ಚಲಿನಲ್ಲಿ ಒಂದು ಕೊಡ ನೀರು ಸುರಿದು ಅದು ಎತ್ತ ಓಡುತ್ತದೆಂದು ನೋಡುತ್ತಿದ್ದ. ನೀರು ನಡುಮನೆಯ ಕಡೆ ಹೊರಟರೆ ನೀರಿಗಿಂತ ಮೊದಲು ತಾನೇ ಹೊರಗೆ ಬರುತ್ತಿದ್ದ. ಇದಿಷ್ಟನ್ನೂ ನೆನಪಿಟ್ಟುಕೋ, ಕೊಟ್ರೇಶ. ಬೇರೆಯವರು ಇದಕ್ಕೆ ದಕ್ಷಿಣೆ ಕೇಳುತ್ತಾರೆ.

ಕೊನೆಗೆ ಒಂದು ಒಳ್ಳೆಯ ಮನೆ ಸಿಕ್ಕಿತು. ಕೊಂಡ ಮೇಲೆ ಅದರ ಮೇಲೆ ಪ್ರೀತಿ ಹುಟ್ಟಿತು. ಕೆಲಸ ಕೆಟ್ಟದ್ದೇ ಅಲ್ಲಿ.

ಗೋಡೆಗೆ ಗಾರೆ ಬಳಿಸಿ ಕಲ್ಲಿನಲ್ಲಿ ತಿಕ್ಕಿಸಿದ. ಅದು ಎಷ್ಟು ನುಣುಪಾಯಿತೆಂದರೆ, ಹಲ್ಲಿ ಜಾರಿ ಬಿದ್ದು ಸೊಂಟ ಹಿಡಿದುಕೊಂಡು ಪಕ್ಕದ ಮನೆಗೆ ಹೋಯಿತು. ಒಳಗೆ ಬಂದ ಸೊಳ್ಳೆ ಕೂರಲು ಸಂಕೋಚಪಟ್ಟು ಹಾರುತ್ತಲೇ ಕಚ್ಚಿತು. ಸಾಗವಾನಿ ತೊಲೆಗೆ ಎಣ್ಣೆ ಉಜ್ಜಿದ. ಕೂದಲಿದ್ದ ಕಾಲದಲ್ಲಿ ತನ್ನ ತಲೆಗೂ ಅವನು ಅಷ್ಟು ಉಜ್ಜಿರಲಿಲ್ಲ.

ಬಾಡಿಗೆ ಹೆಚ್ಚಿಡಲಿಲ್ಲ. ಒಂದೇ ಷರತ್ತು. ಮನೆಯಲ್ಲಿ ಎಲ್ಲಿಯೂ ಮೊಳೆ ಹೊಡೆಯಬಾರದು.

ಮೊದಲು ಒಬ್ಬ ಮೇಷ್ಟ್ರು ಬಂದರು. ಕ್ಯಾಲೆಂಡರ್ ತೂಗುಹಾಕಲು ಜಾಗವಿಲ್ಲದೆ ಹೆಂಡತಿಯ ಕೈಯಲ್ಲಿ ಹಿಡಿಸಿದರು. ಆಕೆ ಯುಗಾದಿಯವರೆಗೂ ಹಿಡಿದಿದ್ದು, ಹಬ್ಬದ ಮಾರನೆಯ ದಿನ ಅದನ್ನು ಗಂಡನ ಕೈಗೆ ಕೊಟ್ಟು ತವರಿಗೆ ಹೋದಳು. ಮೇಷ್ಟ್ರು ಮನೆ ಖಾಲಿ ಮಾಡಿದರು.

ಆಮೇಲೆ ಗಡಿಯಾರ ರಿಪೇರಿ ಮಾಡುವವನೊಬ್ಬ ಹೆಂಡತಿಯೊಡನೆ ಬಂದ. ಊರಿನ ಗಡಿಯಾರಗಳನ್ನೆಲ್ಲ ನಡೆಸುತ್ತಿದ್ದವನು ಅವನು. ಅವನ ಸ್ವಂತ ಗೋಡೆಗಡಿಯಾರ ಮಾತ್ರ ಅಕ್ಕಿ ಡಬ್ಬಕ್ಕೆ ಒರಗಿ ಕೂತಿತ್ತು. ದೇವರ ಪಟ ಡಬ್ಬದ ಮೇಲಿತ್ತು. ಅನ್ನಕ್ಕೆ ಅಕ್ಕಿ ತೆಗೆಯಬೇಕಾದರೆ ಮೊದಲು ದೇವರನ್ನು ಇಳಿಸಬೇಕಾಗಿತ್ತು.

ಗಂಡಹೆಂಡಿರು ಒಳ್ಳೆಯವರು. ಮಳೆಗಾಲಕ್ಕೆ ಮೊದಲು ಮಾಳಿಗೆಯ ಕಸ ಗುಡಿಸುತ್ತಿದ್ದರು. ಸೋರುವ ನಲ್ಲಿಯನ್ನು ತಾವೇ ಬಿಗಿಮಾಡುತ್ತಿದ್ದರು. ಬಾಡಿಗೆದಾರರೆಂದರೆ ಹೀಗಿರಬೇಕು ಎಂದು ವ್ಯಾಪಾರಿ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದ. ಹೇಳಿ, ಸಂಜೆ “ಸುಮ್ಮನೆ ಬಂದೆ” ಎನ್ನುತ್ತಾ ಹೋಗಿ ಗೋಡೆ ನೋಡಿ ಬರುತ್ತಿದ್ದ. ಬೆಲ್ಲದ ವಾಸನೆ ಹಿಡಿದು ಊರಿನ ಇರುವೆಗಳೂ ಅವನ ಹಿಂದೆ ಸಾಲಾಗಿ ಹೋಗುತ್ತಿದ್ದವು. ಅವನು ವಾಪಸು ಬರುತ್ತಿದ್ದ. ಅವು ಅಲ್ಲೇ ಉಳಿಯುತ್ತಿದ್ದವು.

ಆ ಮನೆಯಲ್ಲಿ ಒಂದು ಹೆಣ್ಣು ಮಗು ಹುಟ್ಟಿತು. ಬಾಣಂತನಕ್ಕೆ ಹೋಗಲು ರಿಪೇರಿಯವನ ಹೆಂಡತಿಗೆ ತವರಿರಲಿಲ್ಲ. ತೀರಿಹೋದ ತಾಯಿಯ ತೊಟ್ಟಿಲೊಂದಿತ್ತು. ಅದನ್ನು ಕಟ್ಟಲು ಜಾಗವಿಲ್ಲದೆ ಮೂಲೆಯಲ್ಲಿಟ್ಟು ಈರುಳ್ಳಿ ತುಂಬಿದ್ದಳು. ಮಗುವಿಗೆ ಮೂರು ತಿಂಗಳಾಗುತ್ತ ಬಂತು. ತೊಟ್ಟಿಲಿಗೆ ಹಾಕಿ ಹೆಸರಿಡಬೇಕು. ತೊಟ್ಟಿಲು ತೂಗಲು ಕೊಂಡಿ ಬೇಕು. ಕೊಂಡಿಯಿಲ್ಲದೆ ಮಗುವಿಗೆ ಹೆಸರೂ ಇಲ್ಲ.

ರಿಪೇರಿಯವನು ಅಂಗಡಿಗೆ ಹೋದ.

“ಯಜಮಾನ್ರೇ, ತೊಲೆಗೆ ಒಂದು ಕೊಂಡಿ ಬೇಕಿತ್ತು. ತೊಟ್ಟಿಲು ಕಟ್ಟೋಕೆ.”

“ಕೊಂಡಿಗೆ ತೂತು ಕೊರೀಬೇಕಲ್ಲಪ್ಪ.”

“ಸಣ್ಣದು ಸಾಕು.”

“ಎಲ್ಲವೂ ಹುಟ್ಟುವಾಗ ಸಣ್ಣದೇ. ಇವತ್ತು ಕೊಂಡಿ ಅಂತೀಯ. ನಾಳೆ ಗೂಟ. ನಾಡಿದ್ದು ನಿನ್ನ ಅಂಗಡಿಯ ಗಡಿಯಾರವೆಲ್ಲ ನನ್ನ ಗೋಡೆ ಮೇಲೆ ಟಕಟಕ ಅಂತಾವೆ. ಆಡಿದ ಮಾತು ಅಂದ್ರೆ ಮಾತು.”

“ಹಾಗಾದ್ರೆ ಬೇರೆ ಮನೆ ನೋಡ್ಕೋತೀವಿ.”

ಅವನು ಜಗಳವಾಡಲಿಲ್ಲ. ವ್ಯಾಪಾರಿಯೂ ಕೆಟ್ಟವನಲ್ಲ. ಮಗುವಿನ ತಾಯಿಗೆ ಕೊಡು ಎಂದು ಒಂದು ಅಚ್ಚು ಬೆಲ್ಲ ಕೊಟ್ಟು ಕಳಿಸಿದ.

ಮರುದಿನ ಬೆಳಿಗ್ಗೆ ಅವನಿಗೆ ಅನುಮಾನ ಬಂತು. ಹೋಗುವ ಮೊದಲು ಹೇಳದೆ ಕೇಳದೆ ಒಂದು ಮೊಳೆ ಹೊಡೆದುಬಿಟ್ಟರೆ? ಮನೆ ನೋಡಲು ಹೋದ. ಗಂಡಹೆಂಡಿರು ಹೊಸ್ತಿಲಲ್ಲೇ ಸಿಕ್ಕರು. ಬೇರೆ ಮನೆ ನೋಡಲು ಹೊರಟಿದ್ದರು. ಮಗುವಿಗೆ ಆಗಷ್ಟೇ ನಿದ್ದೆ ಹತ್ತಿತ್ತು.

“ಒಳ್ಳೆ ಹೊತ್ತಿಗೆ ಬಂದ್ರಿ, ಯಜಮಾನ್ರೇ,” ಎಂದಳು ತಾಯಿ. “ಬಿಸಿಲಿಗೆ ಕೂಸನ್ನು ಎತ್ಕೊಂಡು ಹೋಗೋದು ಹೆಂಗೆ ಅಂತಿದ್ದೆ. ಒಂದು ಗಳಿಗೆ ಹಿಡ್ಕೊಂಡಿರಿ. ನೆಲದ ಮೇಲೆ ಮಾತ್ರ ಮಲಗಿಸಬೇಡಿ. ಇರುವೆ.”

“ನನ್ನ ಮನೇಲಿ ಇರುವೆಯಾ? ಎಲ್ಲಿಂದ ಬಂದ್ವು?”

“ನೀವೇ ಕರ್ಕೊಂಡು ಬರ್ತೀರಲ್ಲ,” ಎಂದು ಮಗುವನ್ನು ಅವನ ತೋಳಿನಲ್ಲಿಟ್ಟು ಹೋದಳು.

ವ್ಯಾಪಾರಿಯ ತೋಳು ಬೆಲ್ಲದ ಪಿಂಡಿ ಎತ್ತಿ ಗಟ್ಟಿಯಾದ ತೋಳು. ಇದೇನು ಮಹಾ ಎಂದುಕೊಂಡ. ಮೊದಲು ಮಗು ಒಂದು ಅಚ್ಚಿನಷ್ಟು ಭಾರವಿತ್ತು. ಸ್ವಲ್ಪ ಹೊತ್ತಿಗೆ ಪಿಂಡಿಯಷ್ಟಾಯಿತು. ಆಮೇಲೆ ಒಂದು ಗಾಡಿ ಬೆಲ್ಲದಷ್ಟಾಯಿತು, ಎತ್ತುಗಳ ಸಮೇತ. ಕೂರಲು ಹೋದರೆ ಮಗು ಕಿರುಚಿತು. ನಿಂತರೆ ಮಲಗಿತು. ರುಮಾಲು ಜಾರಿ ಕಣ್ಣಿನ ಮೇಲೆ ಬಂತು. ತೆಗೆದು ನೇತುಹಾಕಲು ಎಲ್ಲಿಯೂ ಜಾಗವಿರಲಿಲ್ಲ. ಇರುವೆ ಕಾಲು ಹತ್ತಿತು. ಅವನು ಒಂಟಿಕಾಲಿನಲ್ಲಿ ನಿಂತ. ತಪಸ್ಸಿಗೆ ನಿಂತವರೂ ಅಷ್ಟು ಹೊತ್ತು ಹಾಗೆ ನಿಂತಿರಲಾರರು.

ನಿಂತವನು ಗೋಡೆ ನೋಡಿದ. ನುಣ್ಣಗಿತ್ತು. ತೊಲೆ ನೋಡಿದ. ಫಳಫಳ ಹೊಳೆಯುತ್ತಿತ್ತು. ಆ ಮನೆಯಲ್ಲಿ ಯಾವುದನ್ನೂ ಮನೆ ಹಿಡಿದುಕೊಳ್ಳುತ್ತಿರಲಿಲ್ಲ. ಎಲ್ಲವನ್ನೂ ಮನುಷ್ಯರೇ ಹಿಡಿದುಕೊಂಡು ನಿಲ್ಲಬೇಕಾಗಿತ್ತು. ಆ ಹೆಂಗಸು ಹೆತ್ತಾಗಿನಿಂದ ಹೀಗೇ ನಿಂತಿದ್ದಾಳೆ ಎನ್ನುವುದು ಮೊದಲು ಅವನ ತೋಳಿಗೆ ತಿಳಿಯಿತು. ತಲೆಗೆ ಆಮೇಲೆ.

ಮಗು ಕಣ್ಣು ಬಿಟ್ಟಿತು. ಅತ್ತ ಇತ್ತ ನೋಡಿ ಅವನ ಮೀಸೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿತು. ಹಿಡಿದುಕೊಂಡು ನಕ್ಕಿತು.

ಮಧ್ಯಾಹ್ನದ ಹೊತ್ತಿಗೆ ಗಂಡಹೆಂಡಿರು ಬಂದರು.

“ಮನೆ ಸಿಕ್ತು, ಯಜಮಾನ್ರೇ,” ಎಂದ ರಿಪೇರಿಯವನು. “ತೊಲೆಗೆ ನಾಲ್ಕು ಕೊಂಡಿ ಇದಾವೆ.”

“ನಾಲ್ಕಾ? ಆ ಮನೆ ಯಜಮಾನನೇನು ಒಳಗೆ ಕುದುರೆ ಕಟ್ತಾನಾ? ಎಲ್ಲಿಗೂ ಹೋಗಬೇಡಿ. ಹಿಡ್ಕೋ ತಾಯಿ ನಿನ್ನ ಮಗಳನ್ನ. ಮೊದಲು ಮೀಸೆ ಬಿಡಿಸು.”

ವ್ಯಾಪಾರಿ ಪೇಟೆಗೆ ಹೋಗಿ ಕೊಂಡಿಯನ್ನೂ ತೂತು ಕೊರೆಯುವ ಬೈರಿಗೆಯನ್ನೂ ತಂದ. ಬಡಗಿಯನ್ನು ಕರೆಯಲೇ ಎಂದು ರಿಪೇರಿಯವನು ಕೇಳಿದರೆ ಬೇಡವೆಂದ. ದೇವರನ್ನು ಇಳಿಸಿ ಅಕ್ಕಿ ಡಬ್ಬದ ಮೇಲೆ ತಾನೇ ಹತ್ತಿದ. ಬೈರಿಗೆ ಒಂದು ಸುತ್ತು ತಿರುಗಿದರೆ ಒಂದು ಸಲ “ಅಯ್ಯೋ” ಎಂದ. ತೊಲೆ ಸುಮ್ಮನಿತ್ತು. ಕೊಂಡಿ ಕೂತ ಮೇಲೆ ಹಗ್ಗ ಹಾಕಿ, ಎರಡೂ ಕೈಯಲ್ಲಿ ಹಿಡಿದು, ಮೊದಲು ತಾನೇ ಜೋತಾಡಿ ನೋಡಿದ. ನನ್ನನ್ನು ತಡೆದದ್ದು ಇವಳನ್ನು ತಡೆಯುತ್ತದೆ ಎಂದು ಇಳಿದ.

ತಾಯಿ ಈರುಳ್ಳಿ ಸುರಿದು ತೊಟ್ಟಿಲು ಒರೆಸಿದಳು. ಒಳ್ಳೆಯ ದಿನ ನೋಡಿ ಮಗುವಿಗೆ ಹೆಸರಿಟ್ಟರು. ತೊಟ್ಟಿಲ ಹಗ್ಗವನ್ನು ವ್ಯಾಪಾರಿ ಬೇರೆ ಯಾರ ಕೈಗೂ ಕೊಡಲಿಲ್ಲವಂತೆ. ಆ ಮಗು ಬೆಳೆದು ಮದುವೆಯಾದದ್ದೂ ಆ ಮನೆಯಿಂದಲೇ. ಅಷ್ಟರಲ್ಲಿ ಗೋಡೆಗೆ ಎಷ್ಟು ಮೊಳೆ ಬಿದ್ದಿದ್ದವೆಂದರೆ, ಒಂದು ಮಳೆಗಾಲದಲ್ಲಿ ಬೀದಿಯ ಮನೆಗಳೆಲ್ಲ ಬಿದ್ದರೂ ಅದೊಂದು ಮೊಳೆಗಳ ಬಲದಿಂದಲೇ ನಿಂತಿತ್ತು.

ಕತೆ ಮುಗಿಸಿದೆ. ಕೊಟ್ರೇಶ ನಕ್ಕ.

“ಗೊತ್ತಾಯ್ತು ಬಿಡಿ, ಮಾವ. ಬೇರೆ ಮನೆ ಸಿಕ್ತು ಅಂದ ಕೂಡಲೇ ವ್ಯಾಪಾರಿ ಮೆತ್ತಗಾದ. ಒಳ್ಳೆ ಬಾಡಿಗೆದಾರರು ಕೈ ತಪ್ಪಿ ಹೋಗ್ತಾರೆ ಅಂತ ಹೆದರಿದ. ನನಗೆ ಆ ಹೆದರಿಕೆ ಇಲ್ಲ. ನಮ್ಮೂರಲ್ಲಿ ನನ್ನ ಮನೆ ಬಿಟ್ರೆ ಬಾಡಿಗೆಗೆ ಬಂದವರಿಗೆ ಇನ್ನೊಂದು ಮನೆ ಎಲ್ಲಿ ಸಿಗುತ್ತೆ?”

“ಒಂದು ಸಣ್ಣ ಸುಳ್ಳು ಸೇರಿಸಿದ್ದೆ, ಕೊಟ್ರೇಶ,” ಎಂದೆ. “ಆ ಇನ್ನೊಂದು ಮನೆ ಆ ಗಂಡಹೆಂಡಿರಿಗೂ ಸಿಕ್ಕಿರಲಿಲ್ಲ. ಕೊಂಡಿ ಮಾತ್ರ ನಿಜ.”