ಎಲುಬಿನವ್ವನ ಅರ್ಧ ದವಡೆ

ಬಹಳ ಬಹಳ ಹಿಂದೆ, ಹೊಳೆ ದಾಟಲು ಇನ್ನೂ ಸೇತುವೆ ಇಲ್ಲದ ಕಾಲದಲ್ಲಿ, ಗರಸಿನಾಳ ಅಂತ ಒಂದು ಊರಿತ್ತು. ಊರು ಈಗಲೂ ಇದೆ, ಸೇತುವೆಯೂ ಬಂದಿದೆ. ನಾನು ಹೇಳುವುದು ಅದಕ್ಕಿಂತ ಮುಂಚಿನ ಮಾತು.

ಆ ಊರಲ್ಲಿ ಹುಲಿಗೆಪ್ಪ ಅನ್ನುವ ಬಾವಿ ತೋಡುವವನಿದ್ದ. ಬಾವಿ ತೋಡುವವನಿಗೆ ತೋಳಿನ ಬಲ ಒಂದೇ ಸಾಲದು, ಮಣ್ಣು ಓದಲು ಬರಬೇಕು. ಹುಲಿಗೆಪ್ಪ ಒಂದು ಹಿಡಿ ಮಣ್ಣು ಹಿಸುಕಿ ಇಷ್ಟು ಮೊಳಕ್ಕೆ ಕಲ್ಲು, ಇಷ್ಟು ಮೊಳಕ್ಕೆ ನೀರು ಅಂತ ಹೇಳಿಬಿಡುತ್ತಿದ್ದನಂತೆ. ಕಣ್ಣು ಕಟ್ಟಿ ಮಣ್ಣು ಕೊಟ್ಟರೂ ಅದು ಯಾರ ಹೊಲದ್ದು ಅಂತ ಹೇಳುತ್ತಿದ್ದನಂತೆ. ಆ ಹೊಲದವನ ಅಪ್ಪನ ಹೆಸರನ್ನೂ ಹೇಳುತ್ತಿದ್ದ ಅಂತ ಕೆಲವರು ಸೇರಿಸುತ್ತಾರೆ. ಅದೇನೇ ಇರಲಿ, ನೆಲದ ಕೆಳಗಿನ ಯಾವ ಮಾತಿಗೂ ಊರು ಅವನನ್ನೇ ಕೇಳುತ್ತಿತ್ತು.

ಆಮೇಲೆ ಎಲುಬಿನವ್ವ ಬಂದಳು.

ಅವಳ ನಿಜವಾದ ಹೆಸರು ಇಂದುಮತಿ. ದೂರದ ಪಟ್ಟಣದ ಮ್ಯೂಸಿಯಂನಲ್ಲಿ ಅವಳ ಕೆಲಸ. ಮ್ಯೂಸಿಯಂ ಅಂದರೆ ಹಳೆಯ ವಸ್ತುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ನಾಲ್ಕು ಜನಕ್ಕೆ ತೋರಿಸುವ ದೊಡ್ಡ ಮನೆ. ಅವಳು ಹುಡುಕುತ್ತಿದ್ದದ್ದು ಕಲ್ಲಾದ ಎಲುಬು. ಎಲುಬು ಕಲ್ಲಾಗುವುದು ಹೇಗೆ ಅಂತ ನೀವು ಕೇಳಬಹುದು. ಸತ್ತ ಪ್ರಾಣಿ ಹೂಳಲ್ಲಿ ಮುಚ್ಚಿಹೋದರೆ, ನೀರಿನಲ್ಲಿರುವ ಖನಿಜ ಎಷ್ಟೋ ಸಾವಿರ ವರ್ಷ ಅದರೊಳಗೆ ಇಳಿದು ಇಳಿದು ಎಲುಬು ಕಲ್ಲಾಗುತ್ತದೆ. ಆದರೂ ಒಳಗೆ ಸಣ್ಣ ಸಣ್ಣ ತೂತು ಉಳಿದಿರುತ್ತವೆ. ಅದಕ್ಕೇ ಅವಳು ಅನುಮಾನ ಬಂದ ಚೂರನ್ನು ನಾಲಿಗೆಗೆ ಮುಟ್ಟಿಸುತ್ತಿದ್ದಳು. ಬರೀ ಕಲ್ಲಾದರೆ ಜಾರುತ್ತದೆ, ಎಲುಬಾದರೆ ಅಂಟುತ್ತದೆ.

ಮೊದಲ ಬೇಸಿಗೆಯಲ್ಲೇ ಹೊಳೆಯ ಮರಳಲ್ಲಿ ಅವಳಿಗೆ ಅರ್ಧ ದವಡೆ ಸಿಕ್ಕಿತು, ತೋಳಿನಷ್ಟು ಉದ್ದದ್ದು. ಸಣ್ಣ ಬ್ರಷ್‌ನಿಂದ ಉಜ್ಜಿ, ಮುರಿದ ಕೈಗೆ ಕಟ್ಟು ಹಾಕುವ ಹಾಗೆ ಗೋಣಿಪಟ್ಟಿಯನ್ನು ಪ್ಲಾಸ್ಟರಿನಲ್ಲಿ ಅದ್ದಿ ಸುತ್ತಿದಳು. ಇದು ನೀರಾನೆಯದು, ಒಂದು ಕಾಲದಲ್ಲಿ ಅವು ಈ ಹೊಳೆಯಲ್ಲಿ ಎಮ್ಮೆಗಳ ಹಾಗೆ ಬಿದ್ದುಕೊಂಡಿರುತ್ತಿದ್ದವು ಅಂದಳು. ಆದರೆ ಅದು ಎಡಭಾಗ ಮಾತ್ರ, ಮುಂದಿನ ಹಲ್ಲು ಮುರಿದಿದ್ದವು. ಬಲಭಾಗ ಸಿಗದೆ ಮ್ಯೂಸಿಯಂನ ಹಿರಿಯರು ನಂಬುವ ಹಾಗಿರಲಿಲ್ಲ. ಅದಕ್ಕಾಗಿ ಅವಳು ನಾಲ್ಕು ಬೇಸಿಗೆ ಗರಸಿನಾಳಕ್ಕೆ ಬಂದಳು ಅನ್ನುತ್ತಾರೆ.

ಊರು ಅವಳ ಹಿಂದೆ ಬಿತ್ತು. ಚಹಾದಂಗಡಿಯ ದ್ಯಾಮಣ್ಣ ಹುಲಿಗೆಪ್ಪನನ್ನು ಕಂಡರೆ ಸುಮ್ಮನಿರುತ್ತಿರಲಿಲ್ಲ.

"ಅಲ್ಲೋ ಹುಲಿಗೆಪ್ಪ, ದಿನಾ ಅದ ದಂಡಿ ಮ್ಯಾಗ ಕುಂತು ಬೀಡಿ ಸೇದತಿದ್ದಿ. ನೀರಾನಿ ನಿನ್ನ ಕುಂಡಿ ಕೆಳಗ ಇತ್ತು, ಗೊತ್ತಾಗಲಿಲ್ಲೇನು?"

"ಮಣ್ಣು ನೆಕ್ಕೂದು ನನಗ ಬರೂದಿಲ್ಲ ಬಿಡೋ," ಅಂದ ಹುಲಿಗೆಪ್ಪ. ಜನ ನಕ್ಕರು. ಆದರೆ ಅವನ ಮಾತಿಗೆ ನಕ್ಕರೋ ಅವನನ್ನು ನೋಡಿ ನಕ್ಕರೋ ಅವನಿಗೆ ತಿಳಿಯಲಿಲ್ಲ.

ಅವನ ಹೆಂಡತಿ ಗಾಳೆವ್ವ ದಿನಾ ಎಲುಬಿನವ್ವನಿಗೆ ಬಿಸಿ ರೊಟ್ಟಿ ಕಟ್ಟಿಕೊಂಡು ದಂಡೆಗೆ ಹೋಗುತ್ತಿದ್ದಳು. ನನಗೆ ಯಾವತ್ತಾದರೂ ಹೊಲಕ್ಕೆ ಬಿಸಿ ರೊಟ್ಟಿ ತಂದಿದ್ದೀಯಾ ಅಂತ ಹುಲಿಗೆಪ್ಪ ಕೇಳಿದ. "ನೀನೂ ಹಲ್ಲು ತಿಕ್ಕೋ ಬ್ರಷಿಲೆ ಬಾವಿ ತೋಡು, ತರತೀನಿ," ಅಂದಳು ಅವಳು.

ಅವನಿಗೆ ಎಲುಬಿನ ಆಸೆ ಇರಲಿಲ್ಲ. ನೆಲದ ಕೆಳಗಿನ ಮಾತನ್ನು ಜನ ಈಗ ಅವಳನ್ನು ಕೇಳುತ್ತಿದ್ದರಲ್ಲ, ಅದು ಸುಡುತ್ತಿತ್ತು. ಒಬ್ಬ ರೈತ ಬಾವಿ ಎಲ್ಲಿ ತೆಗೆಸಲಿ ಅಂತ ಅವಳನ್ನು ಕೇಳಿದ. ಅದು ಹುಲಿಗೆಪ್ಪನವರಿಗೆ ಗೊತ್ತು, ನನಗಲ್ಲ ಅಂದಳಂತೆ. ಅದನ್ನು ಕೇಳಿ ಹುಲಿಗೆಪ್ಪನಿಗೆ ಇನ್ನೂ ಉರಿಯಿತು. ಅವಳು ಕೊಟ್ಟರೆ ತನಗೆ ಸಿಗುವ ಹೆಸರು ಯಾರಿಗೆ ಬೇಕು?

ನಾಲ್ಕನೆಯ ಬೇಸಿಗೆಯಲ್ಲಿ, ಹೊಳೆ ತಿರುಗುವಲ್ಲಿ ಕೆಂಪು ಗರಸಿನ, ಅಂದರೆ ಹರಳು ಬೆರೆತ ಗಟ್ಟಿ ಮಣ್ಣಿನ, ದಂಡೆ ಕುಸಿದಿತ್ತು. ಕುಸಿದಲ್ಲಿ ಹಲ್ಲುಗಳು ಕಂಡವು. ಹುಲಿಗೆಪ್ಪ ಸುತ್ತ ನೋಡಿ ನಾಲಿಗೆ ಮುಟ್ಟಿಸಿದ. ಅಂಟಿತು. ಹಾರೆ ಹಾಕಿ ಮೀಟಿ ಮೀಟಿ ಕಿತ್ತ. ಬಲದವಡೆ! ಧೋತರದಲ್ಲಿ ಸುತ್ತಿ ಒಯ್ದು, ಹೊಳೆಯಿಂದ ದೂರದ ಕರಿಮಣ್ಣಿನ ಹೊಲದಲ್ಲಿ ತಾನು ಅರ್ಧ ತೋಡಿದ್ದ ಬಾವಿಗೆ ಒಗೆದ. ಎರಡು ದಿನ ಬಿಟ್ಟು, ನನ್ನ ಬಾವಿಯಲ್ಲಿ ಸಿಕ್ಕಿತು ಅಂತ ಊರು ತುಂಬ ಕೂಗಿದ.

ಎಲುಬಿನವ್ವ ಓಡಿ ಬಂದಳು. ಎರಡು ಭಾಗ ಜೋಡಿಸಿದಾಗ ಗದ್ದದ ಹತ್ತಿರ ಕೈಮುಗಿದ ಹಾಗೆ ಕೂಡಿಕೊಂಡವು. ಅವಳು ಅತ್ತಳಂತೆ. ಆ ದಿನ ದ್ಯಾಮಣ್ಣ ತಾನೇ ಎದ್ದು ಕಟ್ಟೆಯ ಮೇಲೆ ಹುಲಿಗೆಪ್ಪನಿಗೆ ಜಾಗ ಬಿಟ್ಟ.

ಮರುದಿನ ಅವಳು ತನ್ನನ್ನು ಬಾವಿಗೆ ಇಳಿಸಲು ಹೇಳಿದಳು. ಯಾಕೆ ಅಂದರೆ, ಎಲುಬಿನಷ್ಟೇ ಮುಖ್ಯ ಅದು ಸಿಕ್ಕಿದ ಜಾಗ. ಕೆಳಗಿನ ಕೆಂಪು ಗರಸು ಹಳೆಯದು, ಮೇಲಿನ ಕರಿಮಣ್ಣು ಹೊಸದು. ಗರಸಿನದಾದರೆ ನೀರಾನೆ ಬಹಳ ಹಿಂದಿನದು, ಕರಿಮಣ್ಣಿನದಾದರೆ ಮೊನ್ನೆ ಮೊನ್ನೆಯದು. ಹುಲಿಗೆಪ್ಪ ಹೇಳಿದ ಜಾಗ ಅವಳ ಪುಸ್ತಕದಲ್ಲಿ ಸೇರಿದರೆ ಲೋಕವೆಲ್ಲ ಅದನ್ನೇ ಓದುತ್ತದೆ.

ಎರಡು ದಿನ ಕೆರೆದಳು, ಏನೂ ಸಿಗಲಿಲ್ಲ. ಬಾವಿಗೆ ಕಲ್ಲು ಕಟ್ಟಿರಲಿಲ್ಲ, ಬಿಸಿಲಿಗೆ ಗೋಡೆ ಬಿರಿದಿತ್ತು. ಹುಲಿಗೆಪ್ಪ ಮೇಲೆ ಹಗ್ಗ ಹಿಡಿದು ನಿಂತಿದ್ದ. ಮೂರನೆಯ ದಿನ ಮಧ್ಯಾಹ್ನ ಅವಳು ಕೆಳಗಿನಿಂದ ಕೂಗಿದಳು.

"ಹುಲಿಗೆಪ್ಪನವರೇ, ಆ ಹಲ್ಲಿನ ಸಂದಿಯೊಳಗ ಕೆಂಪು ಗರಸಿತ್ತು. ಇಲ್ಲಿ ಒಂದು ಕಾಳೂ ಕೆಂಪಿಲ್ಲ."

ಸಿಕ್ಕಿಬಿದ್ದೆ ಅಂದುಕೊಂಡ ಹುಲಿಗೆಪ್ಪ.

"ಮಣ್ಣು ಒಂದು ಹೇಳತೈತಿ, ನೀವು ಒಂದು ಹೇಳತೀರಿ. ನಾನು ನಿಮ್ಮ ಮಾತ ಬರಕೋತೀನಿ. ಮಣ್ಣಿನ ವಿಷಯದಾಗ ನಿಮಗಿಂತ ತಿಳಿದವರು ಯಾರದಾರ?"

ನಾಲ್ಕು ವರ್ಷದಿಂದ ಅವನು ಕಾದಿದ್ದ ಮಾತು ಅದು. ಅದನ್ನು ಅವಳು ಅವನ ಸುಳ್ಳನ್ನು ನಂಬಿ ಆಡಿದ್ದಳು. ಅಷ್ಟರಲ್ಲಿ ಗೋಡೆಯಿಂದ ಎರಡು ಮಣ್ಣಿನ ಹೆಂಟೆ ಉದುರಿದವು.

"ಮ್ಯಾಲ ಬಾರವ್ವ!"

"ಇನ್ನೊಂದು ಮೊಳ ನೋಡತೀನಿ, ತಡೀರಿ."

"ಅಲ್ಲೇನೂ ಇಲ್ಲ! ನಾನ ತಂದು ಒಗದೀನಿ! ಹೊಳಿ ತಿರುವಿನಾಗ ಸಿಕ್ಕಿತ್ತು! ಮ್ಯಾಲ ಬಾ!"

ಹೊಲದಲ್ಲಿದ್ದವರೆಲ್ಲ ಕೇಳಿಸಿಕೊಂಡರು. ದ್ಯಾಮಣ್ಣ ಕೇಳಿಸಿಕೊಂಡ. ರೊಟ್ಟಿ ಬುಟ್ಟಿ ಹೊತ್ತು ಬರುತ್ತಿದ್ದ ಗಾಳೆವ್ವ ಕೇಳಿಸಿಕೊಂಡಳು. ಎಲುಬಿನವ್ವ ಮೇಲೆ ಬಂದು ಅಂಚಿಗೆ ಕಾಲಿಟ್ಟ ಕ್ಷಣವೇ ಬಾವಿ ಕುಸಿಯಿತು ಅಂತ ಕೆಲವರು ಹೇಳುತ್ತಾರೆ. ಎಂಟು ದಿನದ ಮೇಲೆ ಮಳೆಗೆ ಕುಸಿಯಿತು ಅಂತ ಕೆಲವರು. ಕುಸಿದದ್ದಂತೂ ನಿಜ.

ಅವಳು ಬಯ್ಯಲಿಲ್ಲ. "ಜಾಗ ತೋರಿಸು," ಅಂದಳು, ಅಷ್ಟೆ. ಅಲ್ಲಿಯವರೆಗೆ ಬಹುವಚನದಲ್ಲಿ ಮಾತಾಡಿಸುತ್ತಿದ್ದವಳು ಅಂದು ಮೊದಲ ಸಲ ಏಕವಚನ ಆಡಿದಳು.

ತಿರುವಿನಲ್ಲಿ ನೋಡಿದರೆ, ದವಡೆಗೆ ತಾಗಿಯೇ ಇಡೀ ತಲೆಬುರುಡೆ ಇತ್ತು. ಇತ್ತು ಅಂದರೆ, ಹಾರೆಯ ಏಟು ಬೀಳುವ ಮುಂಚೆ ಇತ್ತು. ಈಗ ಬರೀ ಚೂರು. ಎಲುಬಿನವ್ವ ಕೂತು ಒಂದೊಂದೇ ಚೂರು ಆರಿಸತೊಡಗಿದಳು. ಹುಲಿಗೆಪ್ಪ ಸ್ವಲ್ಪ ದೂರದಲ್ಲಿ ಕೂತು ತಾನೂ ಆರಿಸಿದ. ಹೊತ್ತು ಮುಳುಗುವವರೆಗೆ ಇಬ್ಬರೂ ಆರಿಸಿದರು.

ಆ ಬುರುಡೆ ಜೋಡಿಸಲು ಏಳು ಬೇಸಿಗೆ ಹಿಡಿಯಿತಂತೆ. ಹುಲಿಗೆಪ್ಪನ ಹೊಟ್ಟೆಕಿಚ್ಚು ಹೋಯಿತು ಅಂತ ತಿಳಿಯಬೇಡಿ. ಅವಳು ಒಂದು ದಿನ ಎರಡು ಚೂರು ಕೂಡಿಸಿದರೆ ಅವನು ಮರುದಿನ ಮೂರು ಕೂಡಿಸದೆ ಏಳುತ್ತಿರಲಿಲ್ಲ. ಆಮೇಲೆ ಅವಳಿಗೆ ಎಲ್ಲಿ ಏನು ಕಂಡರೂ ಮುಟ್ಟುವ ಮುಂಚೆ ಪಕ್ಕದಲ್ಲೊಂದು ಬಿಳಿ ಕಲ್ಲಿಟ್ಟು, ಹುಲಿಗೆಪ್ಪನನ್ನೇ ಕೂಗುತ್ತಿದ್ದಳು. ಉಳಿದವರು ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾರೆ, ಇವನೊಬ್ಬ ನನ್ನ ತಪ್ಪು ಹುಡುಕುತ್ತಾನೆ ಅನ್ನುತ್ತಿದ್ದಳಂತೆ. ಅವನು ನಿಜವಾಗಿಯೂ ಹುಡುಕುತ್ತಿದ್ದ. ಇದು ಮೇಲಿಂದ ಜಾರಿ ಬಿದ್ದದ್ದು, ಇಲ್ಲಿಯದಲ್ಲ ಅಂದರೆ ಅವಳು ಬರೆದದ್ದನ್ನು ಹೊಡೆದು ಹಾಕುತ್ತಿದ್ದಳು. ಆ ದಿನ ಅವನು ಎರಡು ರೊಟ್ಟಿ ಹೆಚ್ಚು ತಿನ್ನುತ್ತಿದ್ದ ಅಂತ ಗಾಳೆವ್ವ ಹೇಳುತ್ತಿದ್ದಳಂತೆ.

ಗರಸಿನಾಳದಲ್ಲಿ ಈಗಲೂ ಬಿದ್ದ ವಸ್ತುವನ್ನು ಯಾರೂ ಹಾಗೇ ಎತ್ತುವುದಿಲ್ಲ. ಕುಡುಗೋಲಾಗಲಿ, ಕಾಲುಂಗುರವಾಗಲಿ, ಮೊದಲು ಬಿಳಿ ಕಲ್ಲಿಡಬೇಕು. ಆಮೇಲೆ ಒಬ್ಬರನ್ನು ಕರೆದು ಜಾಗ ತೋರಿಸಬೇಕು. ಯಾರನ್ನೋ ಕರೆಯುವ ಹಾಗಿಲ್ಲ. ತನ್ನನ್ನು ಕಂಡರೆ ಯಾರಿಗೆ ಹೊಟ್ಟೆ ಉರಿಯುತ್ತದೋ ಅವರನ್ನೇ ಕರೆಯಬೇಕು.

ಹೋದ ಸುಗ್ಗಿಯಲ್ಲಿ ಒಬ್ಬಳು ಹೊಲದಲ್ಲಿ ಯಾರದೋ ಮೂಗುತಿ ಕಂಡು, ಕಲ್ಲಿಟ್ಟು, ಎದ್ದು ನಿಂತು, ಬಹಳ ಹೊತ್ತು ಯೋಚಿಸಿ, ಒಡಹುಟ್ಟಿದ ಅಕ್ಕನ ಹೆಸರು ಹಿಡಿದು ಕೂಗಿದಳಂತೆ. ಸುತ್ತಲಿನ ಹೊಲಗಳಲ್ಲಿ ಎಲ್ಲರ ಕೈ ನಿಂತಿತು. ಅಕ್ಕ ಸೆರಗು ಕೊಡವಿ, ಬದು ದಾಟಿ ಬಂದು, ಬಗ್ಗಿ ನೋಡಿದಳು.