ಯಾವ ಸ್ಥಾನವೂ ಇಲ್ಲದ ಆಟಗಾರ

“ಬುದ್ಧೀ, ಈ ಮಠದಲ್ಲಿ ನಾನು ಯಾರು?” ಎಂದು ಮರುಳಯ್ಯ ಗುರುಗಳನ್ನು ಕೇಳಿದ.

ಹಿಂದಿನ ದಿನ ಮಠದಲ್ಲಿ ಸನ್ಮಾನ ನಡೆದಿತ್ತು. ಅಡುಗೆಯವರಿಗೆ ಶಾಲು ಹೊದಿಸಿದರು, ಪುರಾಣ ಹೇಳುವವರಿಗೆ ಹೊದಿಸಿದರು, ಮಕ್ಕಳಿಗೆ ಪಾಠ ಹೇಳುವವರಿಗೂ ಹೊದಿಸಿದರು. ಅಡುಗೆಯವರು ಬಾರದ ದಿನ ಒಲೆ ಹಚ್ಚುವವನು ಮರುಳಯ್ಯ. ಪುರಾಣದವರ ಗಂಟಲು ಕಟ್ಟಿದರೆ ಪೀಠ ಹತ್ತುವವನೂ ಅವನೇ. ಅವನನ್ನು ಯಾರ ಜೊತೆ ಕರೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಪಾಪ, ರಾತ್ರಿ ಊಟವೂ ಸೇರಿರಲಿಲ್ಲ.

“ನನಗೆ ಒಂದೇ ಒಂದು ಕೆಲಸ ಕೊಡಿ. ಇಲ್ಲವಾದರೆ ಬೇರೆ ಮಠಕ್ಕೆ ಹೋಗಲು ಅಪ್ಪಣೆ ಕೊಡಿ” ಎಂದ.

ಗುರುಗಳು ಅವನನ್ನು ಕೂರಿಸಿಕೊಂಡರು. ಭಕ್ತರ ಬಲವಂತಕ್ಕೆ ಅವರು ಒಮ್ಮೆ ಅಮೆರಿಕಕ್ಕೆ ಹೋಗಿ ಬಂದಿದ್ದರು. ಅಲ್ಲಿ ಕೇಳಿದ ಕತೆಯನ್ನು ಹೇಳತೊಡಗಿದರು.

ಆ ದೇಶದಲ್ಲಿ ಒಂದು ಆಟವಿದೆ. ಹೆಸರು ಫುಟ್‌ಬಾಲ್, ಆದರೆ ಕಾಲಿಗಿಂತ ಕೈಗೇ ಕೆಲಸ ಜಾಸ್ತಿ. ಯಾಕೆ ಹೀಗೆ ಎಂದು ಕೇಳಿದರೆ ಅಲ್ಲಿಯವರೇ ನಕ್ಕು ಸುಮ್ಮನಾಗುತ್ತಾರೆ. ಮೊಟ್ಟೆಯಾಕಾರದ ಚೆಂಡನ್ನು ಎದುರಾಳಿಗಳ ಕೊನೆಯ ಗೆರೆ ದಾಟಿಸಬೇಕು. ಒಬ್ಬ ಚೆಂಡು ಎಸೆಯುತ್ತಾನೆ. ಚುರುಕು ಕಾಲಿನವರು ದೂರ ಓಡಿ ಅದನ್ನು ಹಿಡಿಯುತ್ತಾರೆ. ಕೆಲವರು ಅದನ್ನು ಎದೆಗವಚಿಕೊಂಡು ನುಗ್ಗುತ್ತಾರೆ. ಕಟ್ಟುಮಸ್ತಾದ ದಾಂಡಿಗರು ಎಸೆಯುವವನ ಮುಂದೆ ಗೋಡೆಯಾಗಿ ನಿಲ್ಲುತ್ತಾರೆ.

ಪ್ರತಿ ಸುತ್ತು ಮುಗಿದಾಗ ಆಟ ನಿಲ್ಲುತ್ತದೆ, ಆಳುಗಳು ಬದಲಾಗುತ್ತಾರೆ. ಎದುರಾಳಿಗಳು ಕಣ್ಣಿಟ್ಟು ನೋಡುವುದು ಆಗಲೇ. ದಾಂಡಿಗರು ಒಳಗೆ ಬಂದರೆ ನುಗ್ಗುತ್ತಾರೆಂದು ಅರ್ಥ, ಮುಂದೆ ಗುಂಪುಗೂಡಬೇಕು. ಚುರುಕಿನವರು ಬಂದರೆ ಚೆಂಡು ಮೇಲೆ ಹಾರುತ್ತದೆ, ಹಿಂದಕ್ಕೆ ಹರಡಿಕೊಳ್ಳಬೇಕು.

ಒಂದು ತಂಡದಲ್ಲಿ ಒಬ್ಬ ಆಟಗಾರನಿದ್ದ. ಅವನು ಹಿಡಿಯಬಲ್ಲ, ನುಗ್ಗಬಲ್ಲ, ಗೋಡೆಯಾಗಿಯೂ ನಿಲ್ಲಬಲ್ಲ. ಯಾವುದರಲ್ಲೂ ಮೊದಲಿಗನಲ್ಲ. ಆದರೆ ಅವನು ಮೈದಾನಕ್ಕೆ ಕಾಲಿಟ್ಟರೆ ಎದುರಾಳಿಗಳ ಲೆಕ್ಕಾಚಾರವೆಲ್ಲ ತಲೆಕೆಳಗು. ಅವರು ಮುಂದೆ ಗುಂಪುಗೂಡಿದರೆ ಅವನು ದೂರದಲ್ಲಿ ಚೆಂಡು ಹಿಡಿದಿರುತ್ತಿದ್ದ. ಹಿಂದೆ ಹರಡಿಕೊಂಡರೆ ನಡುವಿನಿಂದಲೇ ನುಗ್ಗಿರುತ್ತಿದ್ದ. ಕೋಚ್ ತಂಡದ ಆಟವನ್ನೆಲ್ಲ ಅವನ ಸುತ್ತಲೇ ಹೆಣೆದ.

ವರ್ಷದ ಕೊನೆಗೆ ಬಹುಮಾನ ಕೊಟ್ಟರು. ಒಳ್ಳೆಯ ಹಿಡಿತಗಾರನಿಗೆ ಒಂದು, ಒಳ್ಳೆಯ ಓಟಗಾರನಿಗೆ ಒಂದು, ಒಳ್ಳೆಯ ಗೋಡೆಯವನಿಗೆ ಒಂದು. ಅವನು ಎಲ್ಲರಿಗೂ ಚಪ್ಪಾಳೆ ತಟ್ಟಿದ. ಅವನ ಕೈಗೆ ಮಾತ್ರ ಯಾವುದೂ ಬರಲಿಲ್ಲ. ಮರುದಿನ ಕೋಚ್ ಬಳಿ ಹೋಗಿ, “ಸಾರ್, ಇನ್ನು ಮೇಲೆ ನಾನು ಚೆಂಡು ಹಿಡಿಯುವವನು, ಅಷ್ಟೇ” ಎಂದ.

“ನೀನು ಏನೆಂದು ಎದುರಾಳಿಗೆ ಗೊತ್ತಿಲ್ಲ ಕಣಯ್ಯಾ. ನಮ್ಮ ಬಲವೇ ಅದು.”

“ನನಗೂ ಗೊತ್ತಿಲ್ಲವಲ್ಲ, ಸಾರ್!”

ಆ ಮಾತಿಗೆ ಕೋಚ್ ಸೋತ. ಕೇಳಿದ ಸ್ಥಾನ ಕೊಟ್ಟ.

ಮುಂದಿನ ವರ್ಷ ಅವನು ಮೈದಾನಕ್ಕೆ ಇಳಿದಾಗ ಎದುರಾಳಿಗಳಿಗೆ ನಿರಾಳವಾಯಿತು. ಇವನು ಬಂದನೆಂದರೆ ಚೆಂಡು ಎಸೆಯುತ್ತಾರೆ, ಅನುಮಾನವೇ ಇಲ್ಲ. ಕೆಲವರು ಅವನಿಗೆ ಅಂಟಿಕೊಂಡರು. ಉಳಿದವರು ನೇರವಾಗಿ ಎಸೆಯುವವನ ಮೇಲೆ ಬಿದ್ದರು. ಎಸೆಯುವವನು ಅವನ ಗೆಳೆಯ. ಆಟದ ಮೇಲೆ ಆಟ ಆ ಗೆಳೆಯ ನೆಲಕ್ಕೆ ಬಿದ್ದ, ಭುಜ ಜಖಂ ಆಯಿತು. ಆದರೂ ಇವನಿಗೆ ಒಂದು ಮಾತು ಅನ್ನಲಿಲ್ಲ. ಅನ್ನದೇ ಇದ್ದದ್ದೇ ಇವನಿಗೆ ಹೆಚ್ಚು ಚುಚ್ಚುತ್ತಿತ್ತು.

ಸೋತವರು ಮನೆಗೆ ಹೋಗಬೇಕಾದ ಪಂದ್ಯ ಬಂತು. ಕೊನೆಯ ಸುತ್ತು. “ನೀನು ಮೂಲೆಗೆ ಓಡು, ಚೆಂಡು ನಿನಗೇ” ಎಂದ ಕೋಚ್. ಅವನು ದಾಂಡಿಗರ ಗೋಡೆಯ ತುದಿಯಲ್ಲಿ ನಿಂತ. ಆಟ ಶುರುವಾಯಿತು. ಮೂಲೆ ಖಾಲಿ ಇತ್ತು. ವರ್ಷವಿಡೀ ಕಾದರೂ ಸಿಗದ ಜಾಗ ಅದು. ಅಲ್ಲಿ ಚೆಂಡು ಹಿಡಿದರೆ ಊರೆಲ್ಲ ಅವನ ಹೆಸರು. ಓಡಲು ಹೆಜ್ಜೆ ಎತ್ತಿದವನಿಗೆ ಪಕ್ಕದ ದಾಂಡಿಗ ಜಾರಿ ಬಿದ್ದದ್ದು ಕಂಡಿತು. ಆ ಸಂದಿನಿಂದ ಎದುರಾಳಿಯೊಬ್ಬ ಗೆಳೆಯನ ಬೆನ್ನ ಹಿಂದೆ ನುಗ್ಗುತ್ತಿದ್ದ. ಗೆಳೆಯ ನೋಡಿರಲಿಲ್ಲ.

ಅವನು ಮೂಲೆಯ ಆಸೆ ಬಿಟ್ಟು ತಿರುಗಿ ಆ ಎದುರಾಳಿಗೆ ಅಡ್ಡ ಬಿದ್ದ.

ಚೆಂಡು ಇನ್ನೊಬ್ಬನ ಕೈಗೆ ಹೋಯಿತು. ಆ ಇನ್ನೊಬ್ಬ ಗೆರೆ ದಾಟಿದ. ಜನ ಅವನನ್ನು ಹೊತ್ತು ಕುಣಿದರು. ಇವನು ಆ ಎದುರಾಳಿಯ ಅಡಿಯಲ್ಲಿ ಬಾಯಿತುಂಬ ಹುಲ್ಲು ಕಚ್ಚಿಕೊಂಡು ಬಿದ್ದಿದ್ದ.

ಕೋಚ್ ಬಂದು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತ. “ಹಿಡಿಯುವವನಾಗಬೇಕು ಎಂದು ಪ್ರಾಣ ತಿಂದವನು ನೀನು. ಜಾಗ ಬಿಟ್ಟು ಇಲ್ಲೇಕೆ ಬಿದ್ದಿದ್ದೀಯೋ?”

“ತಪ್ಪಾಯಿತು ಸಾರ್. ಅವನ ಭುಜ ನೆನಪಾಯಿತು” ಎಂದ ಆಟಗಾರ.

ಕೋಚ್ ಮತ್ತೆ ಎಂದೂ ಅವನಿಗೆ ಇಂಥದೇ ಸ್ಥಾನವೆಂದು ಹೇಳಲಿಲ್ಲ. ಅವನೂ ಕೇಳಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯನಿಗೆ ಸಮಾಧಾನವಾಗಲಿಲ್ಲ. “ಹಾಗಾದರೆ ಕೊನೆಗೂ ಅವನ ಜಾಗ ಯಾವುದು, ಬುದ್ಧೀ?” ಎಂದ.

“ಯಾರು ಬೀಳುವುದರಲ್ಲಿದ್ದಾರೋ ಅವರ ಪಕ್ಕ” ಎಂದರು ಗುರುಗಳು.

ಮರುಳಯ್ಯ ಎದ್ದು ಅಡುಗೆಮನೆಯ ಕಡೆ ನಡೆದ.