ನೊಣ ಪಂಡಿತರ ಬಿಯರ್ ಪರೀಕ್ಷೆ

ಜರ್ಮನಿಯ ಒಂದು ಬ್ರೂವರಿಯಲ್ಲಿ ಐದು ಬಗೆಯ ಬಿಯರನ್ನು ಐದು ಪುಟ್ಟ ಲೋಟಗಳಲ್ಲಿ ಸಾಲಾಗಿ ಇಟ್ಟಿದ್ದರು. ಪಕ್ಕದಲ್ಲಿ ಒಂದು ಲೋಟ ನೀರೂ ಇತ್ತು. ರುಚಿ ನೋಡಿ ತೀರ್ಪು ಕೊಡಲು ನೊಣ ಪಂಡಿತರು ದಯಮಾಡಿಸಿದರು. ಅವರ ಕುಲಬಾಂಧವರೆಲ್ಲ ಕಿಟಕಿಯ ಮೇಲೆ ಕಾದು ಕೂತಿದ್ದರು.

ನೊಣಕ್ಕೆ ರುಚಿ ತಿಳಿಯುವುದು ಕಾಲಿನಿಂದ. ತೆಳು ಬಿಯರಿನಿಂದ ಶುರುಮಾಡುವುದು ಎಳಸುಗಳ ಕೆಲಸ ಎಂದುಕೊಂಡ ಪಂಡಿತರು, ಹೊಗೆಯಲ್ಲಿ ಒಣಗಿಸಿದ ಬಾರ್ಲಿಯ ಗಾಢ ಬಿಯರಿಗೇ ಮೊದಲು ಆರೂ ಕಾಲು ಅದ್ದಿದರು. ಆಮೇಲೆ ಗೋಧಿ ಬಿಯರು, ಆಮೇಲೆ ಉಳಿದ ಮೂರು. ಎಲ್ಲದರಲ್ಲೂ ಬರೀ ಹೊಗೆ!

"ಮೋಸ! ಒಂದೇ ಬಿಯರಿಗೆ ಐದು ಬಣ್ಣ ಬಳಿದಿದ್ದಾರೆ!" ಎಂದು ಗುಡುಗಿದರು.

"ಸ್ವಾಮಿ, ನಡುನಡುವೆ ಬಾಯಿ ಮುಕ್ಕಳಿಸಲೆಂದೇ ನನ್ನನ್ನು ಇಲ್ಲಿಟ್ಟಿದ್ದಾರೆ," ಎಂದಿತು ನೀರಿನ ಲೋಟ. "ತಾವು ಕಾಲು ತೊಳೆದಿರಾ?"

"ಪಂಡಿತನಿಗೇ ಪಾಠವೋ?" ಎಂದು ಗೊಣಗುತ್ತಲೇ ಅವರು ನೀರಿಗೆ ಕಾಲು ಅದ್ದಿ, ಗೋಧಿ ಬಿಯರನ್ನು ಮತ್ತೆ ಮುಟ್ಟಿದರು. ಘಮ್ಮೆಂದು ಬಾಳೆಹಣ್ಣಿನ ಪರಿಮಳ! ಪಂಡಿತರ ಮೀಸೆ ಇಳಿಯಿತು.

ಕಿಟಕಿಗೆ ಹಾರಿ ಬಂದ ಅವರನ್ನು ಬಂಧುಗಳು ಮುತ್ತಿಕೊಂಡರು. "ತೀರ್ಪೇನು, ಗುರುಗಳೇ?"

"ಬಿಯರಿನ ವಿಷಯ ನನಗೆ ಗೊತ್ತಿಲ್ಲಪ್ಪ. ಇಷ್ಟು ಹೊತ್ತು ನಾನು ರುಚಿ ನೋಡಿದ್ದು ನನ್ನ ಕಾಲನ್ನೇ," ಎಂದರು ಪಂಡಿತರು. "ಅದಂತೂ ಚೆನ್ನಾಗಿಲ್ಲ."